ಕಡಲಿಗೆ ಬೆನ್ನು ಮಾಡಿದವರ ಜಮೈಕಾ

ಜಮೈಕಾ ಎಂದರೆ ನಮಗೆ ಬಾಬ್ ಮಾರ್ಲಿ, ಉಸೇನ್ ಬೋಲ್ಟ್, ಕ್ರಿಸ್ ಗೇಲ್. ಪ್ರವಾಸಿ ಜಾಹೀರಾತುಗಳಲ್ಲಿ ಅದು ಬಿಳಿ ಮರಳು, ನೀಲಿ ನೀರು. ಮಾಂಟೆಗೊ ಬೇ, ನೆಗ್ರಿಲ್‌ಗಳ ರೆಸಾರ್ಟುಗಳು ಕಡಲಿಗೆ ಮುಖ ಮಾಡಿ ನಿಂತಿವೆ. ಗುಲಾಮಗಿರಿಯ ಚರಿತ್ರೆಯನ್ನು ಓದುತ್ತಿರುವ ನನ್ನನ್ನು ಮಾತ್ರ ಕಾಡುವುದು ಕಡಲಿಗೆ ಬೆನ್ನು ಮಾಡಿ ಬೆಟ್ಟ ಹತ್ತಿದವರ ಜಮೈಕಾ.

1655ರಲ್ಲಿ ಇಂಗ್ಲಿಷರು ಈ ದ್ವೀಪವನ್ನು ಸ್ಪೇನಿನಿಂದ ಕಿತ್ತುಕೊಂಡರು. ಆ ಗದ್ದಲದಲ್ಲಿ ಸ್ಪ್ಯಾನಿಷರ ಕೈಕೆಳಗಿದ್ದ ಆಫ್ರಿಕನ್ ಗುಲಾಮರಲ್ಲಿ ಅನೇಕರು ಒಳನಾಡಿನ ಕಾಡು ಸೇರಿದರು. ಮುಂದೆ ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡವರೂ ಅವರನ್ನು ಕೂಡಿಕೊಂಡರು. ಇವರೇ ಮರೂನರು. ಹೆಸರಿನ ಮೂಲ ‘ಸಿಮರೋನ್’ ಎಂಬ ಸ್ಪ್ಯಾನಿಷ್ ಪದ. ಒಡೆಯನಿಂದ ತಪ್ಪಿಸಿಕೊಂಡು ಕಾಡುಪಾಲಾದ ದನಗಳಿಗೆ ಹೇಳುತ್ತಿದ್ದ ಮಾತದು. ಇಂದು ಅದೇ ಅವರ ಹೆಮ್ಮೆಯ ಗುರುತು.

ಅವರನ್ನು ಕಾಪಾಡಿದ್ದು ನೆಲವೇ. ಪಶ್ಚಿಮದ ಕಾಕ್‌ಪಿಟ್ ಕಂಟ್ರಿ ಸುಣ್ಣಕಲ್ಲಿನ ಸೀಮೆ. ಮಳೆನೀರು ಕಲ್ಲನ್ನು ಕರಗಿಸುತ್ತ ಬಂದು, ದುಂಡನೆಯ ಗುಡ್ಡಗಳ ನಡುವೆ ಬಟ್ಟಲಿನಂಥ ಕುಳಿಗಳನ್ನೂ ಅಡಿಯಲ್ಲಿ ಗುಹೆಗಳನ್ನೂ ಕೊರೆದಿದೆ. ಇಲ್ಲಿ ಸಿಪಾಯಿಗಳು ಸಾಲುಗಟ್ಟಿ ನಡೆಯುವಂತಿರಲಿಲ್ಲ. ಮರೂನರು ಸೊಪ್ಪು ಬಳ್ಳಿ ಮೈಗೆ ಸುತ್ತಿಕೊಂಡು ಹೊಂಚು ಹಾಕುತ್ತಿದ್ದರು. ದನದ ಕೊಂಬಿನ ‘ಅಬೆಂಗ್’ ಊದಿ ಬೆಟ್ಟದಿಂದ ಬೆಟ್ಟಕ್ಕೆ ಸುದ್ದಿ ಮುಟ್ಟಿಸುತ್ತಿದ್ದರು. ಇಂದು ರೆಸಾರ್ಟಿನ ತಟ್ಟೆಗೂ ಬರುವ ‘ಜರ್ಕ್’ ಮಾಂಸದ ಬೇರು, ಅವರು ಕಾಡುಹಂದಿಗೆ ಮಸಾಲೆ ಹಚ್ಚಿ ಕೆಂಡದಲ್ಲಿ ಬೇಯಿಸುತ್ತಿದ್ದ ಅಡುಗೆಯಲ್ಲಿದೆ. ಪೂರ್ವದ ಬ್ಲೂ ಮೌಂಟನ್ ಸಾಲಿನಲ್ಲಿ ಅವರಿಗೆ ನ್ಯಾನಿ ಎಂಬ ಹೆಣ್ಣು ನಾಯಕಿಯಿದ್ದಳು. ಈಗ ಆಕೆಯ ಮುಖ ಜಮೈಕಾದ 500 ಡಾಲರ್ ನೋಟಿನ ಮೇಲಿದೆ.

ಗೆಲ್ಲಲಾಗದ ಬ್ರಿಟಿಷರು 1739ರಲ್ಲಿ ಮರೂನ್ ನಾಯಕ ಕಡ್ಜೋನ ಜೊತೆ ಒಪ್ಪಂದಕ್ಕೆ ಬಂದರು. ಸ್ವಾತಂತ್ರ್ಯ ಸಿಕ್ಕಿತು, 1,500 ಎಕರೆ ಭೂಮಿಯೂ ಸಿಕ್ಕಿತು. ಆದರೆ ಶರತ್ತಿತ್ತು: ಇನ್ನು ಮುಂದೆ ತೋಟಗಳಿಂದ ಓಡಿಬಂದವರನ್ನು ಹಿಡಿದೊಪ್ಪಿಸಬೇಕು, ದಂಗೆ ಎದ್ದರೆ ಅಡಗಿಸಲು ನೆರವಾಗಬೇಕು. 1760ರಲ್ಲಿ ಗುಲಾಮರ ದೊಡ್ಡ ದಂಗೆಗೆ ಮುಂದಾಳಾದ ಟ್ಯಾಕಿಯನ್ನು ಗುಂಡಿಟ್ಟು ಕೊಂದವನು ಒಬ್ಬ ಮರೂನ್.

ಇದನ್ನು ದ್ರೋಹವೆಂದು ಒಂದೇ ಮಾತಿನಲ್ಲಿ ತೀರಿಸಿಬಿಡಲು ನನಗೆ ಮನಸ್ಸು ಬಾರದು. ದಶಕಗಟ್ಟಲೆ ಯುದ್ಧದಲ್ಲಿ ಬೆಂದ ಜನ ಉಳಿವಿಗಾಗಿ ತೆತ್ತ ಬೆಲೆಯದು. ಆ ಬೆಲೆಯನ್ನು ತೆತ್ತವರು ಅವರಷ್ಟೇ ಅಲ್ಲ, ತೋಟಗಳಲ್ಲಿ ಉಳಿದವರೂ ತೆತ್ತರು ಎಂಬುದನ್ನೂ ಮರೆಯುವಂತಿಲ್ಲ. ಒಪ್ಪಂದ ಕೊಟ್ಟ ಬಿಡುಗಡೆ ಕಪ್ಪು ಜನರ ನಡುವೆಯೇ ಗೋಡೆ ಎಬ್ಬಿಸಿತು.

ಆ ಗೋಡೆ ಮರೂನರನ್ನೂ ಕಾಯಲಿಲ್ಲ. 1795ರಲ್ಲಿ, ಹಂದಿ ಕದ್ದ ಆರೋಪದ ಮೇಲೆ ಇಬ್ಬರು ಮರೂನರಿಗೆ ಮಾಂಟೆಗೊ ಬೇಯಲ್ಲಿ ಚಾವಟಿ ಏಟು ಬಿತ್ತು. ಚಾವಟಿ ಬೀಸಿದವನು ಒಬ್ಬ ಕಪ್ಪು ಗುಲಾಮ. ಆ ಅವಮಾನ ಯುದ್ಧಕ್ಕೆ ಕಿಡಿಯಾಯಿತು. ಅಕಾಂಪಾಂಗ್ ಊರಿನ ಮರೂನರು ಸರಕಾರದ ಪರ ನಿಂತರು. ಸೋತ ಟ್ರೆಲಾನಿ ಟೌನಿನ ಐನೂರಕ್ಕೂ ಹೆಚ್ಚು ಮಂದಿಯನ್ನು 1796ರಲ್ಲಿ ಕೆನಡಾದ ನೋವಾ ಸ್ಕೋಷಿಯಾದ ಚಳಿಗೆ ಅಟ್ಟಲಾಯಿತು. 1800ರಲ್ಲಿ ಅಲ್ಲಿಂದ ಆಫ್ರಿಕಾದ ಸಿಯೆರಾ ಲಿಯೋನಿಗೆ.

ಅಕಾಂಪಾಂಗ್ ಇಂದಿಗೂ ಇದೆ. ಪ್ರತಿ ಜನವರಿ 6ರಂದು ಅಲ್ಲಿ ಅಬೆಂಗ್ ಮೊಳಗುತ್ತದೆ. ಕಾಕ್‌ಪಿಟ್ ಕಂಟ್ರಿಯ ಮಣ್ಣಿನಡಿ ಬಾಕ್ಸೈಟ್ ಅದಿರಿದೆ. ಗಣಿಗಾರಿಕೆ ನಿಷೇಧಿಸುವ ಸಂರಕ್ಷಿತ ಪ್ರದೇಶದ ಗಡಿಯನ್ನು ಸರಕಾರ 2017ರಲ್ಲಿ ಘೋಷಿಸಿದರೂ ಅದು ಎಲ್ಲಿಯವರೆಗೆ ಎಂಬ ಜಗಳ ಮುಗಿದಿಲ್ಲ. ಆ ಗುಡ್ಡ, ಆ ಕುಳಿಗಳು ಹೋದರೆ ಹೋಗುವುದು ಕಾಡು ಮಾತ್ರವಲ್ಲ. ಒಂದು ಸಾಮ್ರಾಜ್ಯ ಹೇಗೆ ಸೋತು ಸಂಧಿಗೆ ಬಂತು ಎಂಬುದರ ಸಾಕ್ಷಿಯೂ ಹೋಗುತ್ತದೆ. ಜನವರಿಯ ಹಬ್ಬಕ್ಕೆ ಊರು ಸೇರುವುದು ಹಳೆಯದೊಂದು ಮಾವಿನ ಮರದಡಿ. ಮರದ ಹೆಸರು ಕಿಂಡಾ. ಅರ್ಥ: ನಾವೆಲ್ಲ ಒಂದೇ ಕುಟುಂಬ.