ಹೂಳಿನಲ್ಲಿ ಉಳಿದ ಊರಿನ ಚರಿತ್ರೆ

ಊರುಗಳ ಚರಿತ್ರೆಯನ್ನು ನಾವು ಶಾಸನಗಳಿಂದ, ಕಡತಗಳಿಂದ, ಪ್ರವಾಸಿಗಳ ಬರಹಗಳಿಂದ ತಿಳಿಯುತ್ತೇವೆ. ಈ ಸಾಲಿಗೆ ಸೇರಬೇಕಾದ ಇನ್ನೊಂದು ಆಧಾರವಿದೆ. ಅದು ಊರಿನ ಹೊಳೆಯ ತಳದಲ್ಲಿ ನಿಂತ ಹೂಳು. ಬೆಂಗಳೂರಿನ ವೃಷಭಾವತಿ ಇದಕ್ಕೆ ತಕ್ಕ ನಿದರ್ಶನ.

ಬಸವನಗುಡಿಯ ದೊಡ್ಡಬಸವನ ಪಾದದಲ್ಲಿ ಈ ಹೊಳೆ ಹುಟ್ಟಿತೆಂಬುದು ಜನರ ನಂಬಿಕೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಬಳಿ ಸಾಗಿ, ಬಿಡದಿಯ ಸಮೀಪದ ಬೈರಮಂಗಲದ ಜಲಾಶಯವನ್ನು ಹೊಕ್ಕು, ಮುಂದೆ ಅದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ.

1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನಗರದ ನಲ್ಲಿಗಳಿಗೆ ಬಂದದ್ದು ಇದೇ ಅರ್ಕಾವತಿಯ ನೀರು. ಅದು ಸಾಲದಾದಾಗ, 1974ರಿಂದ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಮೇಲೆತ್ತಿ ತರಲಾಯಿತು. ಬಂದ ನೀರು ಬಳಕೆಯಾದ ಮೇಲೆ ಎಲ್ಲಿಗಾದರೂ ಹೋಗಬೇಕಷ್ಟೆ. ನಗರದ ಪಶ್ಚಿಮ ಭಾಗದ ಬಚ್ಚಲು ನೀರು ವೃಷಭಾವತಿಗೆ ಇಳಿಯಿತು. ಅದು ಕಾವೇರಿಯನ್ನು ಮರಳಿ ಸೇರುವುದು ನಗರ ತನ್ನ ಕುಡಿಯುವ ನೀರನ್ನೆತ್ತುವ ಸ್ಥಳಕ್ಕಿಂತ ಕೆಳಗೆ. ಹೀಗಾಗಿ ತಾನು ಬಿಟ್ಟದ್ದರ ರುಚಿಯನ್ನು ನಗರ ತಾನು ಕಾಣಲಿಲ್ಲ.

ಬಚ್ಚಲಿನ ಕೊಳೆಯಲ್ಲಿ ಬಹುಭಾಗ ಕಾಲಕ್ರಮದಲ್ಲಿ ಕೊಳೆತು ಇಲ್ಲವಾಗುತ್ತದೆ. ಲೋಹ ಮಾತ್ರ ಕೊಳೆಯುವುದಿಲ್ಲ. 1970ರ ದಶಕದಿಂದ ಬೆಳೆದ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಲೋಹಲೇಪನದ ಕಾರ್ಖಾನೆಗಳಿಂದ ಕ್ರೋಮಿಯಂ ಮತ್ತು ನಿಕಲ್, ರಸ್ತೆಗಳಿಂದ ಟೈರಿನ ಸತು ಮತ್ತು ಬ್ರೇಕಿನ ತಾಮ್ರ, 2000ದಲ್ಲಿ ನಿಷೇಧವಾಗುವವರೆಗೆ ಪೆಟ್ರೋಲಿನ ಸೀಸ—ಇವೆಲ್ಲ ಮಳೆಯೊಡನೆ, ಮೋರಿಯೊಡನೆ ಹೊಳೆಗೆ ಬರುತ್ತವೆ. ಇವು ಜೇಡಿಯ ಸಣ್ಣ ಕಣಗಳಿಗೂ ಕೊಳೆತ ಪದಾರ್ಥಕ್ಕೂ ಅಂಟಿಕೊಂಡು, ಹರಿವು ನಿಧಾನವಾದೆಡೆ ತಳಕ್ಕಿಳಿಯುತ್ತವೆ. ಆದ್ದರಿಂದ ಜಲಾಶಯವೇ ಇವುಗಳ ತಂಗುದಾಣ. ನೀರನ್ನಷ್ಟೇ ಪರೀಕ್ಷಿಸಿದವರಿಗೆ ಕಾಣದ ಲೋಹ ಹೂಳಿನಲ್ಲಿ ಸಿಕ್ಕುತ್ತದೆ. ಗಾಳಿ ಸೋಕದ ಕೆಸರಿನಲ್ಲಿ ಗಂಧಕದೊಡನೆ ಕೂಡಿ ಅದು ತೆಪ್ಪಗಿರುತ್ತದೆ. ಅಗೆದು ಹೊರಗೆ ಹರಡಿದಾಗ ಮತ್ತೆ ಸಡಿಲಗೊಂಡು ಸಂಚಾರಕ್ಕೆ ಹೊರಡುತ್ತದೆ.

ನಮ್ಮ ಕೃಷಿ ಪರಂಪರೆಗೆ ಪೆಟ್ಟು ಬಿದ್ದಿರುವುದು ಇಲ್ಲಿಯೇ. ಬೇಸಿಗೆಯಲ್ಲಿ ಕೆರೆಗೋಡನ್ನು ಹೊಲಕ್ಕೆ ಹೊಡೆಯುವುದು ಈ ನಾಡಿನ ಹಳೆಯ ಪದ್ಧತಿ. ಹೂಳೆತ್ತುವ ಬಂಡಿಗಳಿಗೆಂದು ದತ್ತಿ ಬಿಟ್ಟ ಶಾಸನಗಳೂ ನಮ್ಮಲ್ಲಿವೆ. ಕೆರೆ ಆಳವಾಗುತ್ತಿತ್ತು, ಹೊಲಕ್ಕೆ ಗೊಬ್ಬರ ಒದಗುತ್ತಿತ್ತು. ನಗರದ ಕೆಳಗಿನ ಕೆರೆಗಳಲ್ಲಿ ಈಗ ಅದೇ ಗೋಡು ಸಂಶಯಕ್ಕೆ ಪಾತ್ರವಾಗಿದೆ. ಕ್ಯಾಡ್ಮಿಯಂನಂಥ ಲೋಹ ಬೇರಿನಿಂದ ಸೊಪ್ಪಿಗೆ, ಮೇವಿನಿಂದ ದನಕ್ಕೆ ಏರಬಲ್ಲದು. ತಲೆಮಾರುಗಳ ವಿವೇಕವನ್ನು ನಂಬಿ ನಡೆದ ರೈತನೇ ನಷ್ಟಕ್ಕೆ ಗುರಿಯಾಗುವ ಸ್ಥಿತಿ ಇದು.

ಹೊರದೇಶಗಳಲ್ಲಿಯೂ ಹೀಗಾದದ್ದುಂಟು. ಹಾಲೆಂಡಿನ ರಾಟರ್‌ಡ್ಯಾಮ್ ಬಂದರಿನಲ್ಲಿ ರೈನ್ ನದಿ ತಂದ ಹೂಳನ್ನೆತ್ತಿ ತಗ್ಗುನೆಲಕ್ಕೆ ತುಂಬುತ್ತಿದ್ದರು. ಮೇಲ್ದಂಡೆಯ ಕೈಗಾರಿಕೆಗಳ ಲೋಹ ಅದರಲ್ಲಿದೆಯೆಂದು ತಿಳಿದ ಮೇಲೆ, ಕಲುಷಿತ ಹೂಳನ್ನು ಬೇರೆಯಾಗಿ ಕೂಡಿಡಲು 1987ರ ಹೊತ್ತಿಗೆ ಸ್ಲುಫ್ಟರ್ ಎಂಬ ವಿಶಾಲವಾದ ಕುಳಿಯನ್ನೇ ನಿರ್ಮಿಸಬೇಕಾಯಿತು. ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಮೇಲ್ದಂಡೆಯ ಕಾರ್ಖಾನೆಗಳೊಡನೆ ಮಾತುಕತೆ ನಡೆಸಿ, ಲೋಹವನ್ನು ಮೂಲದಲ್ಲಿಯೇ ತಗ್ಗಿಸುವಂತೆ ಮಾಡಿದರು. ಬರುಬರುತ್ತಾ ಹೊಸ ಹೂಳು ಶುದ್ಧವಾಗುತ್ತ ಬಂದಿತು.

ನಮಗೂ ಇದರಲ್ಲಿ ಪಾಠವಿದೆ. ಮೋರಿಯ ನೀರನ್ನು ಸೋಸಿದರೆ ಸಾಲದು. ಲೋಹವನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಬೇಕು. ಹೊಲಕ್ಕೆ ಹೊಡೆಯುವ ಮುನ್ನ ಗೋಡನ್ನು ಪರೀಕ್ಷಿಸಿ ಕೊಡುವ ಹೊಣೆಯನ್ನು, ಅದನ್ನು ಕೆಡಿಸಿದ ನಗರವೇ ಹೊರಬೇಕು. ಹೂಳಿನ ಹಳೆಯ ಪದರಗಳಲ್ಲಿ ದಾಖಲಾದದ್ದನ್ನು ಯಾರೂ ತಿದ್ದಲಾರರು. ಅದರ ಮೇಲೆ ಇನ್ನು ಮುಂದೆ ಕೂರುವ ಪದರ ಹೇಗಿರಬೇಕೆಂಬುದಾದರೂ ನಮ್ಮ ಕೈಯಲ್ಲಿದೆ.