ಅಬರ್‌ಫ್ಯಾನಿನ ಬೆಥಾನಿಯ ದೇವಾಲಯ

ವೇಲ್ಸ್‌ನ ಅಬರ್‌ಫ್ಯಾನ್ ಕಲ್ಲಿದ್ದಲು ಗಣಿ ಕಾರ್ಮಿಕರ ಹಳ್ಳಿಯಾಗಿತ್ತು. ಅಲ್ಲಿನ ಬೆಥಾನಿಯ ದೇವಾಲಯ ಪ್ರೊಟೆಸ್ಟೆಂಟರ ಒಂದು ಸ್ವತಂತ್ರ ಸಭೆಯದಾಗಿತ್ತು. 1966ರ ಅಕ್ಟೋಬರ್ 21ರ ಬೆಳಿಗ್ಗೆ, ಗುಡ್ಡದ ಒರತೆಯ ಮೇಲೆ ಸುರಿದಿದ್ದ ಗಣಿತ್ಯಾಜ್ಯದ ರಾಶಿ ಜಾರಿ ಶಾಲೆಯನ್ನು ಮುಚ್ಚಿತು. 144 ಮಂದಿ ಸತ್ತರು. ಅವರಲ್ಲಿ 116 ಮಕ್ಕಳು. ಊರಿನ ಬಾಪ್ಟಿಸ್ಟ್ ಸಭಾಪಾಲಕರೂ ಮಗನನ್ನು ಕಳೆದುಕೊಂಡರು.

ಶವಗಳನ್ನು ಇರಿಸಿದ್ದು ಬೆಥಾನಿಯದಲ್ಲಿ, ಆರಾಧನೆಗೆ ಕೂರುವ ಬೆಂಚುಗಳ ಮೇಲೆ. ಗುರುತು ಹಿಡಿಯಲು ಹೆತ್ತವರು ಹೊರಗೆ ಸಾಲುಗಟ್ಟಿ ಕಾದರು. ಆಮೇಲೆ ಅಲ್ಲಿ ಕೂತು ಪ್ರಾರ್ಥಿಸುವುದಾದರೂ ಹೇಗೆ? 1967ರಲ್ಲಿ ಅದನ್ನು ಕೆಡವಿದರು. 1970ರಲ್ಲಿ ಹೊಸದು ಎದ್ದಿತು.

ನಮ್ಮನ್ನು ಹೆಚ್ಚು ನೋಯಿಸುವುದು ಇನ್ನೊಂದು ಸಂಗತಿ. ಉಳಿದ ರಾಶಿಗಳನ್ನು ತೆಗೆಸಲು ಸರಕಾರ ಸಂತ್ರಸ್ತರ ನಿಧಿಯಿಂದಲೇ 1,50,000 ಪೌಂಡ್ ಪಡೆಯಿತು. ಆ ಹಣ ಹಿಂದಿರುಗಿದ್ದು 1997ರಲ್ಲಿ, ಬಡ್ಡಿಯಿಲ್ಲದೆ.