ಎಂಬತ್ತನಾಲ್ಕರ ಮರದ ಡಿಪೋ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರ ಬಿಟ್ಟು ದಕ್ಷಿಣಕ್ಕೆ ಹೊರಟರೆ, ವಾಷಿಂಗ್ಟನ್ ಕೌಂಟಿಯ ಏರಿಳಿತದ ಹೊಲಗಳ ನಡುವೆ ಎಯ್ಟಿ ಫೋರ್ ಎಂಬ ಸಣ್ಣ ಊರು ಸಿಗುತ್ತದೆ. ಅಂಕಿಯೇ ಊರಿನ ಹೆಸರು: ಎಂಬತ್ತನಾಲ್ಕು. ಜನಸಂಖ್ಯೆ ಸಾವಿರ ಮುಟ್ಟುವುದಿಲ್ಲ.

ಮೊದಲು ಇದು ಸ್ಮಿತ್‌ವಿಲ್ ಆಗಿತ್ತು. ಅದೇ ಹೆಸರಿನ ಇನ್ನೊಂದು ಊರಿನ ಕಾಗದ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಹೋಗಿ ಗೊಂದಲವಾಗುತ್ತಿದ್ದುದರಿಂದ 1884ರ ಜುಲೈ 28ರಂದು ಹೆಸರು ಬದಲಾಯಿತು. ಈ ಅಂಕಿಯೇ ಯಾಕೆ ಎಂದರೆ ಒಬ್ಬೊಬ್ಬರದು ಒಂದೊಂದು ಕಥೆ. ರೈಲು ಹಾದಿಯ 84ನೇ ಮೈಲಿಗಲ್ಲು ಎನ್ನುವವರಿದ್ದಾರೆ. ಗ್ರೋವರ್ ಕ್ಲೀವ್‌ಲೆಂಡ್ ಅಧ್ಯಕ್ಷರಾಗಿ ಗೆದ್ದ ವರ್ಷದ ನೆನಪು ಎನ್ನುವವರೂ ಇದ್ದಾರೆ. ಆದರೆ ಆ ಚುನಾವಣೆ ನಡೆದದ್ದು ನವೆಂಬರಿನಲ್ಲಿ, ಊರಿಗೆ ಹೆಸರು ಬಿದ್ದು ಮೂರು ತಿಂಗಳು ಕಳೆದ ಮೇಲೆ! ಅಂಚೆಯವರಿಗೆ ಬೇರೇನೂ ತೋಚದೆ ಇಸವಿಯನ್ನೇ ಇಟ್ಟುಬಿಟ್ಟರು ಎನ್ನುವುದೇ ಹೆಚ್ಚು ನಂಬುವಂತಿದೆ.

ಬೇಸಾಯ, ನೆಲದಡಿಯ ಕಲ್ಲಿದ್ದಲು — ಸುತ್ತಿನ ಹಳ್ಳಿಗಳ ಬದುಕೇ ಇಲ್ಲಿಯದೂ. ಈ ಅಂಕಿಯನ್ನು ದೇಶಕ್ಕೆಲ್ಲ ಪರಿಚಯಿಸಿದ್ದು ಮಾತ್ರ ಒಂದು ಮರದ ಡಿಪೋ.

ಅದನ್ನು ಕಟ್ಟಿದ ಜೋ ಹಾರ್ಡಿ ಚಿನ್ನ-ಬೆಳ್ಳಿ ವ್ಯಾಪಾರದ ಮನೆತನದವರು. ಪಿಟ್ಸ್‌ಬರ್ಗ್‌ನಲ್ಲಿ ಅವರ ಕುಟುಂಬಕ್ಕೆ ಹೆಸರಾಂತ ಒಡವೆ ಅಂಗಡಿಯಿತ್ತು. ಎರಡನೇ ಮಹಾಯುದ್ಧ ಮುಗಿಸಿ ಬಂದು, ಎಂಜಿನಿಯರಿಂಗ್ ಓದಿ, ಸ್ವಲ್ಪ ಕಾಲ ಒಡವೆಯನ್ನೂ ಮಾರಿದ ಹಾರ್ಡಿ ಕೊನೆಗೆ ತಮ್ಮಂದಿರನ್ನು ಕಟ್ಟಿಕೊಂಡು ಮರದ ವ್ಯಾಪಾರಕ್ಕಿಳಿದರು. 1956ರಲ್ಲಿ ಎಯ್ಟಿ ಫೋರ್‌ನಲ್ಲಿ ಜಾಗ ಹಿಡಿದು ಹೊಸ ಡಿಪೋ ತೆರೆದರು. ತಮ್ಮಂದಿರು, ಗೆಳೆಯರೆಲ್ಲ ಸೇರಿ ಹೊಂದಿಸಿದ ಬಂಡವಾಳ 84,000 ಡಾಲರ್ ಎಂದು ಕಂಪನಿಯ ಚರಿತ್ರೆ ಹೇಳುತ್ತದೆ. ಊರ ಹೆಸರಿಗೆ ಇಷ್ಟು ಸರಿಯಾಗಿ ಕೂಡಿಬಂದ ಲೆಕ್ಕವನ್ನು ಕೇಳಿದರೆ ಯಾವ ವ್ಯಾಪಾರಿಯೂ ಮುಗುಳ್ನಗಬೇಕು.

ಅಲ್ಲಿಯ ಮನೆ ಕಟ್ಟುವ ಬಗೆ ಗೊತ್ತಿಲ್ಲದಿದ್ದರೆ ಈ ವ್ಯಾಪಾರದ ಗಾತ್ರ ತಿಳಿಯುವುದಿಲ್ಲ. ನಮ್ಮಲ್ಲಿ ಮರ ಎಂದರೆ ಬಾಗಿಲು, ಕಿಟಕಿ, ಹಳೆಯ ಮನೆಯಾದರೆ ತೊಲೆ ಮತ್ತು ಜಂತೆ. ಅಲ್ಲಿ ಗೋಡೆಯೇ ಮರದ್ದು. ‘ಟೂ ಬೈ ಫೋರ್’ ರೀಪುಗಳನ್ನು ಸಾಲಾಗಿ ನಿಲ್ಲಿಸಿ, ಮೊಳೆ ಹೊಡೆದು, ಹೊರಗೆ ಪ್ಲೈವುಡ್ಡು, ಒಳಗೆ ಜಿಪ್ಸಮ್ ಹಲಗೆ ಬಡಿದರೆ ಗೋಡೆ ಎದ್ದಿತು. ಹೆಸರಿಗೆ ಎರಡು ಇಂಚು, ನಾಲ್ಕು ಇಂಚು. ಒಣಗಿಸಿ ತೋಪಡಾ ಹೊಡೆದ ಮೇಲೆ ಅಳೆದರೆ ಒಂದೂವರೆ, ಮೂರೂವರೆ. ಗಿರಾಕಿಗೂ ಗೊತ್ತು, ವ್ಯಾಪಾರಿಗೂ ಗೊತ್ತು, ಜಗಳವಿಲ್ಲ. ಯುದ್ಧ ಮುಗಿಸಿ ಬಂದ ಲಕ್ಷಾಂತರ ಸೈನಿಕರು ಸರ್ಕಾರಿ ಸಾಲದ ನೆರವಿನಿಂದ ನಗರಗಳ ಹೊರವಲಯದಲ್ಲಿ ಮನೆ ಮಾಡಿಕೊಳ್ಳುತ್ತಿದ್ದ ಕಾಲ ಅದು. ಎಷ್ಟು ರೀಪು ತಂದು ರಾಶಿ ಹಾಕಿದರೂ ಸಾಲುತ್ತಿರಲಿಲ್ಲ.

ಆವರೆಗೆ ಈ ವ್ಯಾಪಾರ ನಡೆಯುತ್ತಿದ್ದುದು ಹೆಚ್ಚಾಗಿ ಉದ್ದರಿಯ ಮೇಲೆ. ಕಂಟ್ರಾಕ್ಟರು ಮಾಲು ಬರೆಸುತ್ತಾನೆ, ಡಿಪೋದ ಲಾರಿ ಮನೆ ಕಟ್ಟುವಲ್ಲಿಗೇ ತಂದು ಇಳಿಸುತ್ತದೆ, ದುಡ್ಡು ಯಾವಾಗಲೋ ಬರುತ್ತದೆ. ಹಾರ್ಡಿ ಇದನ್ನು ಬುಡಮೇಲು ಮಾಡಿದರು. ನಮ್ಮ ಅಂಗಡಿಗಳಲ್ಲಿ ‘ಇವತ್ತು ನಗದು, ನಾಳೆ ಉದ್ದರಿ’ ಎಂದು ಬೋರ್ಡು ತೂಗುಹಾಕಿ ಪರಿಚಯದವರಿಗೆ ಸಾಲ ಬರೆದುಕೊಳ್ಳುತ್ತಾರಲ್ಲ, ಹಾರ್ಡಿ ಆ ಬೋರ್ಡನ್ನು ನಿಜಕ್ಕೂ ಪಾಲಿಸಿದವರು. ದುಡ್ಡು ಕೊಡು, ಹಲಗೆ ಆರಿಸು, ನಿನ್ನ ಗಾಡಿಗೆ ನೀನೇ ಹೇರಿಕೋ. ಅಂಗಡಿ ಎಂದರೆ ಬರೀ ಶೆಡ್ಡು. ಹಿಮ ಬೀಳುವ ಸೀಮೆಯಲ್ಲೂ ಹೀಟರಿನ ಖರ್ಚಿಲ್ಲ. ಉಳಿದ ದುಡ್ಡಿನಷ್ಟೂ ದರ ಇಳಿಯಿತು. ಊರಿನಾಚೆ, ಅಗ್ಗದ ಜಾಗಗಳಲ್ಲಿ ಅಂಥದೇ ಶೆಡ್ಡುಗಳು ರಾಜ್ಯದಿಂದ ರಾಜ್ಯಕ್ಕೆ ಹಬ್ಬಿದವು. ಎಲ್ಲ ಕಡೆಯೂ ಬೋರ್ಡಿನ ಮೇಲೆ ‘84 ಲಂಬರ್’.

ಅಂಗಡಿಗೆ ಹೀಟರ್ ಹಾಕಿಸದ ಈ ಮನುಷ್ಯ ಸ್ವಂತ ಶೋಕಿಗೆ ಕೈ ಬಿಗಿಹಿಡಿದವರಲ್ಲ. 1987ರಲ್ಲಿ ಪಕ್ಕದ ಫೇಯೆಟ್ ಕೌಂಟಿಯ ನೆಮಕೋಲಿನ್ ಎಂಬ ರೆಸಾರ್ಟು ಕೊಂಡು ಅದನ್ನು ಅರಮನೆಯಂತೆ ಬೆಳೆಸಿದರು. 1990ರಲ್ಲಿ ಇಂಗ್ಲೆಂಡಿನ ಹೆನ್ಲಿ-ಇನ್-ಆರ್ಡನ್ ಊರಿನ ಜಹಗೀರಿ ಬಿರುದನ್ನೇ ಖರೀದಿಸಿ ‘ಲಾರ್ಡ್’ ಆದರು. ಎಂಬತ್ತರ ವಯಸ್ಸಿನಲ್ಲಿ ಚುನಾವಣೆಗೆ ನಿಂತು ಫೇಯೆಟ್ ಕೌಂಟಿಯ ಕಮಿಷನರ್ ಆಗಿಯೂ ಗೆದ್ದರು.

1992ರಲ್ಲಿ ಅವರು ಕಂಪನಿಯ ಚುಕ್ಕಾಣಿಯನ್ನು ಕೊಟ್ಟದ್ದು ಇನ್ನೂ ಮೂವತ್ತು ತುಂಬದ ಮಗಳು ಮ್ಯಾಗಿಗೆ. ಗಂಡಸರದೇ ಕಾರುಬಾರಾದ ಮರದ ಡಿಪೋಗಳ ಲೋಕದಲ್ಲಿ, ಅಣ್ಣಂದಿರಿದ್ದೂ. ಆ ಹೊತ್ತಿಗೆ ಹೋಮ್ ಡಿಪೋ, ಲೋಸ್‌ನಂಥ ದೊಡ್ಡ ಅಂಗಡಿಗಳು ಭಾನುವಾರದ ಗಿರಾಕಿಯನ್ನು, ಎಂದರೆ ಸ್ವಂತ ಮನೆಯ ರಿಪೇರಿಗೆ ನಾಲ್ಕು ಹಲಗೆ ಕೊಳ್ಳುವವನನ್ನು, ಸೆಳೆದುಕೊಂಡಾಗಿತ್ತು. 84 ಲಂಬರ್ ಮತ್ತೆ ಕಂಟ್ರಾಕ್ಟರುಗಳ ಕಡೆಗೇ ತಿರುಗಬೇಕಾಯಿತು. ಅವರಿಗೆ ಬೇಕಾದದ್ದು ಲಾರಿ ಮತ್ತು ಸಾಲ. ಅಪ್ಪ ಯಾವುದನ್ನು ಬಿಟ್ಟು ಗೆದ್ದಿದ್ದರೋ ಮಗಳು ಅದನ್ನೇ ಹಿಡಿದು ಗೆದ್ದಳು. 2002ರಲ್ಲಿ ವಹಿವಾಟು 200 ಕೋಟಿ ಡಾಲರ್ ದಾಟಿತು.

ಉದ್ದರಿಯ ಪೆಟ್ಟು ಬಿದ್ದದ್ದು ಆಮೇಲೆ. 2005ರಲ್ಲಿ ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ಹೊಸ ಮನೆಗಳ ಕೆಲಸ ಶುರುವಾಗಿತ್ತು. 2009ರಲ್ಲಿ ಐದೂವರೆ ಲಕ್ಷ. ಮನೆ ಕಟ್ಟಿಸುವವರೇ ಮುಳುಗಿದಾಗ ಅವರಿಗೆ ಹಲಗೆ ಕೊಟ್ಟವನ ಗತಿಯೇನು? ಶಾಖೆಗಳು ಒಂದರ ಹಿಂದೊಂದು ಬಾಗಿಲು ಹಾಕಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಮ್ಯಾಗಿ ಹಾರ್ಡಿ ತಮ್ಮ ಸ್ವಂತ ಆಸ್ತಿಯನ್ನೇ ಪಣಕ್ಕಿಟ್ಟು ಕಂಪನಿಯನ್ನು ಉಳಿಸಿಕೊಂಡರು. ಷೇರುಪೇಟೆಯ ಕಂಪನಿಯಾಗಿದ್ದರೆ ಮಾಲೀಕರು ಅಷ್ಟು ದೂರ ಹೋಗುತ್ತಿದ್ದರೆಂದು ನಂಬುವುದು ಕಷ್ಟ.

ಈ ಊರ ಹೆಸರು ಅತಿ ಹೆಚ್ಚು ಜನರ ಬಾಯಲ್ಲಿ ಓಡಾಡಿದ್ದು 2017ರ ಫೆಬ್ರುವರಿಯಲ್ಲಿ. ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್ ಪಂದ್ಯದ ನಡುವೆ ಕಂಪನಿ ಒಂದು ಜಾಹೀರಾತು ಹಾಕಿತು: ಮೆಕ್ಸಿಕೊ ಕಡೆಯಿಂದ ಅಮೆರಿಕಕ್ಕೆ ನಡೆದುಬರುವ ತಾಯಿ, ಮಗಳು. ಗಡಿಯಲ್ಲಿ ಗೋಡೆ ಕಾಣುವ ಭಾಗವನ್ನು ಫಾಕ್ಸ್ ವಾಹಿನಿ ಒಪ್ಪಲಿಲ್ಲ. ಹಾಗಾಗಿ ಟಿವಿಯಲ್ಲಿ ಅರ್ಧ ಕಥೆ, ಪೂರ್ತಿ ಕಥೆ ಅಂತರ್ಜಾಲದಲ್ಲಿ. ನೋಡಲು ನುಗ್ಗಿದ ಜನರ ಭಾರಕ್ಕೆ ಕಂಪನಿಯ ಜಾಲತಾಣ ಕುಸಿಯಿತು. ಕಥೆಯ ಕೊನೆಗೆ ಗೋಡೆಯಲ್ಲೊಂದು ಮರದ ಬಾಗಿಲು. ವಲಸಿಗರ ಪರ ಎಂದು ಕೆಲವರು ಹೊಗಳಿದರು, ಕೆಲವರು ಬಹಿಷ್ಕಾರದ ಮಾತೆತ್ತಿದರು. ಗಡಿಗೆ ಗೋಡೆ ಕಟ್ಟುತ್ತೇನೆಂದಿದ್ದ ಟ್ರಂಪ್‌ಗೇ ಮತ ಹಾಕಿದ್ದಾಗಿ ಮ್ಯಾಗಿ ಹೇಳಿದ ಮೇಲೆ ಹೊಗಳಿದವರೂ ತಬ್ಬಿಬ್ಬಾದರು.

ಜೋ ಹಾರ್ಡಿ ತೀರಿಕೊಂಡದ್ದು 2023ರ ಜನವರಿ 7ರಂದು, ನೂರು ತುಂಬಿದ ದಿನವೇ. ಕಂಪನಿಗೆ ಈಗ 300ಕ್ಕೂ ಹೆಚ್ಚು ಕೇಂದ್ರಗಳಿವೆ. ಬಿಡಿ ಹಲಗೆಯ ಜೊತೆಗೆ ಚಾವಣಿಯ ಟ್ರಸ್, ಗೋಡೆಯ ಚೌಕಟ್ಟುಗಳನ್ನು ಕಾರ್ಖಾನೆಯಲ್ಲೇ ಜೋಡಿಸಿ ಲಾರಿಯಲ್ಲಿ ಕಳಿಸುತ್ತಾರೆ. ನುರಿತ ಬಡಗಿಗಳು ಸಿಗದ ಕಂಟ್ರಾಕ್ಟರುಗಳಿಗೆ ಅದೇ ಅನುಕೂಲ. ಮುಖ್ಯ ಕಚೇರಿ ಮಾತ್ರ ಪಿಟ್ಸ್‌ಬರ್ಗ್‌ಗೆ ಹೋಗದೆ ಎಯ್ಟಿ ಫೋರ್‌ನಲ್ಲೇ, 519ನೇ ರಸ್ತೆಯ ಪಕ್ಕ ಇದೆ.